ಎರಡು ಗಂಟಿನ ಹಾಳೆಗಳು

ನನ್ನನ್ನು ಎಲ್ಲರೂ ಅಂಟಕ್ಕ ಎನ್ನುತ್ತಾರೆ. ಎದುರಿಗೂ ಅನ್ನುತ್ತಾರೆ, ಬೆನ್ನ ಹಿಂದೆಯೂ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೂ ಒಂದೆರಡು ಹೆಸರುಗಳಿವೆ ಎಂದು ಗೊತ್ತು, ಅವನ್ನು ಇಲ್ಲಿ ಬರೆಯುವುದಿಲ್ಲ. ಮೂವತ್ತೆರಡು ವರ್ಷಗಳಿಂದ ನನ್ನ ಕೆಲಸ ಒಂದೇ: ಒಣಗಿದ ಗಿಡಗಳನ್ನು ದಪ್ಪ ಬಿಳಿ ಹಾಳೆಯ ಮೇಲೆ ಅಂಟಿಸುವುದು. ಎಲೆಗೆ ಅಂಟು, ದಪ್ಪ ಕಾಂಡಕ್ಕೆ ಸೂಜಿದಾರ, ಉದುರಿದ ಕಾಯಿ-ಬೀಜಗಳಿಗೆ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಕಾಗದದ ಲಕೋಟೆ. ಇಂಥ ಹಾಳೆಗಳನ್ನು ಬೀರುಗಳಲ್ಲಿ ಜೋಡಿಸಿಟ್ಟ ಕಟ್ಟಡಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಹೊಸಬರು ಬಂದು, "ಅಯ್ಯೋ, ಇಷ್ಟೇನಾ? ಶಾಲೇಲಿ ನಾವೂ ಮಾಡ್ತಿದ್ವಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಎಲೆ ಬೆನ್ನು ತೋರಿಸಬೇಕು, ಇನ್ನೊಂದು ಹೊಟ್ಟೆ ತೋರಿಸಬೇಕು, ಹೂವಿನ ಒಳಗು ಕಾಣಬೇಕು, ಇನ್ನೂರು ವರ್ಷ ಅಲುಗಾಡಬಾರದು. ಮಾಡಿ ನೋಡಲಿ.

ಅಂಟಿಸುವ ಮುಂಚೆ ಇನ್ನೊಂದು ಕೆಲಸವಿತ್ತು. ಈಗ ಅದನ್ನು ಬಿಟ್ಟಿದ್ದೇವೆ. ಹುಳು ಬೀಳದಿರಲೆಂದು ಒಣಗಿಡವನ್ನು ಪಾದರಸದ ವಿಷ ಕರಗಿಸಿದ ಸ್ಪಿರಿಟ್ಟಿನ ತಟ್ಟೆಯಲ್ಲಿ ಅದ್ದಿ ತೆಗೆಯಬೇಕಿತ್ತು. ಅದ್ದಿದ್ದಕ್ಕೆ ಗುರುತಾಗಿ ಹಾಳೆಯ ಎಡಮೂಲೆಗೆ ಕೆಂಪು ಸೀಲು: 'ವಿಷ ಹಾಕಿದೆ'. ಆ ಸೀಲು ಕಂಡರೆ ಹಾಳೆಗೆ ಹುಳುವಿನ ಭಯವಿಲ್ಲ, ಮುಟ್ಟಿದವರು ಕೈ ತೊಳೆಯಬೇಕು, ಲಕೋಟೆಯ ಬೀಜ ಬಿತ್ತನೆಗೆ ಬರುವುದಿಲ್ಲ ಎಂದು ಅರ್ಥ. ಒಮ್ಮೆ ಒಬ್ಬ ಸಹಾಯಕ ಗಿಡ ಅದ್ದದೆಯೇ ಸೀಲು ಒತ್ತಿದ್ದ. ಹತ್ತು ಜನರ ಎದುರು ಅವನ ಬೆವರಿಳಿಸಿದೆ. "ಸೀಲು ಸುಳ್ಳು ಹೇಳಬಾರದು ಕಣಯ್ಯ. ಸೀಲು ಸುಳ್ಳು ಹೇಳಿದ್ರೆ ಈ ಕಟ್ಟಡಾನೇ ಸುಳ್ಳು." ಪಾಪ, ಅವನ ಕಣ್ಣು ಒದ್ದೆಯಾಗಿತ್ತು. ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ, ಯಾಕೆಂದರೆ ಅದೇ ಸೀಲಿನಿಂದ ನಾನು ಮುನ್ನೂರ ಹನ್ನೆರಡು ಸುಳ್ಳು ಹೇಳಿದ್ದೆ.

ಅದು ಮೂವತ್ತು ವರ್ಷದ ಹಿಂದಿನ ಮಾತು. ನನ್ನ ಮೊದಲ ಬಸಿರು ಐದನೇ ತಿಂಗಳಿಗೆ ಹೋಗಿತ್ತು. ವಿಷದ ತಟ್ಟೆಯಿಂದಲೇ ಹೋಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಎರಡನೆಯದು ನಿಂತಾಗ ಆಗಿನ ದೊಡ್ಡ ಸಾಹೇಬರ ಬಳಿ ಹೋಗಿ, ಆ ಕೆಲಸ ಒಂದನ್ನು ಬಿಟ್ಟು ಏನು ಬೇಕಾದರೂ ಕೊಡಿ ಎಂದು ಕೇಳಿದೆ. ಅವರು ಕಾಗದದಿಂದ ತಲೆ ಎತ್ತದೆ, "ಎಲ್ಲ ಹೆಂಗಸರೂ ಹೀಗೇ ಶುರು ಮಾಡಿದ್ರೆ ತಟ್ಟೆ ಹತ್ರ ನಾನು ನಿಲ್ಲಬೇಕಾಗತ್ತೆ" ಎಂದರು. ಸರಿ ಎಂದು ಬಂದೆ. ಅಂದಿನಿಂದ ಹೆರಿಗೆ ರಜೆಯವರೆಗೆ, ಆರು ತಿಂಗಳು, ಒಂದು ಗಿಡವನ್ನೂ ತಟ್ಟೆಗೆ ಅದ್ದಲಿಲ್ಲ. ಸೀಲು ಮಾತ್ರ ಒತ್ತಿದೆ.

ಆ ಹಾಳೆಗಳ ಗುರುತು ನನಗೊಬ್ಬಳಿಗೆ ಗೊತ್ತು. ಕಾಂಡ ಹೊಲಿದ ದಾರಕ್ಕೆ ಹಾಳೆಯ ಹಿಂದೆ ಒಂದೇ ಗಂಟು ಹಾಕುವುದು ವಾಡಿಕೆ. ಇವಕ್ಕೆ ಎರಡು ಗಂಟು ಹಾಕಿದ್ದೆ. ಪ್ರತಿ ವರ್ಷ ಬೇಸಿಗೆಗೆ ಮೊದಲು ಆ ಮುನ್ನೂರ ಹನ್ನೆರಡು ಹಾಳೆಗಳನ್ನು ಹುಡುಕಿ ತೆಗೆದು, ಟಾರ್ಚು ಬಿಟ್ಟು ನೋಡಿ, ಹೊಸ ನುಸಿಗುಳಿಗೆ ಇಡುತ್ತಿದ್ದೆ. ಈಗ ವಿಷದ ಬದಲು ಹಾಳೆಗಳನ್ನು ದೊಡ್ಡ ಫ್ರೀಜರಿನಲ್ಲಿ ವಾರಗಟ್ಟಲೆ ಇಡುತ್ತೇವೆ. ಆದರೆ ಅದಕ್ಕೊಂದು ಬೀಗ, ಬೀಗಕ್ಕೊಂದು ರಿಜಿಸ್ಟರು. ಸೀಲು ಬಿದ್ದ ಹಾಳೆಯನ್ನು ಯಾಕೆ ತಂದೆ ಎಂದು ಕೇಳಿದರೆ ಏನು ಹೇಳಲಿ? ಹಾಗಾಗಿ ಟಾರ್ಚೇ ಗತಿಯಾಯಿತು. ಜನ ಅದನ್ನು ಶ್ರದ್ಧೆ ಎಂದುಕೊಂಡರು. ಅದು ಶುದ್ಧ ಹೆದರಿಕೆ.

ಈ ಗುಟ್ಟು ನನ್ನ ಜೊತೆಗೇ ಹೋಗುತ್ತಿತ್ತೇನೋ, ಗಿಲಿಕೆ ಮೇಷ್ಟ್ರು ಅವತ್ತು ಬರದೇ ಇದ್ದಿದ್ದರೆ.

ಅರವತ್ತೆಂಟು ದಾಟಿದವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವರು. ನನಗಿಂತ ಹನ್ನೆರಡು ವರ್ಷ ದೊಡ್ಡವರಾದರೂ ನನ್ನನ್ನು ಅಂಟಕ್ಕ ಎಂದೇ ಕರೆಯುತ್ತಾರೆ. ಅವರ ಜೀವಮಾನವೆಲ್ಲ ಒಂದೇ ಕುಲದ ಕಾಡುಗಿಡಗಳ ಹಿಂದೆ ಕಳೆದಿದೆ: ಗಿಲಿಕೆ ಗಿಡ. ಅವರೆ, ಹೆಸರು, ಹುರುಳಿಗಳ ದಾಯಾದಿ. ಆದರೆ ಯಾರೂ ಬಿತ್ತುವುದಿಲ್ಲ, ಯಾರೂ ಉಣ್ಣುವುದಿಲ್ಲ. ದಾರಿ ಬದಿಗೆ, ಕಲ್ಲುಸಂದಿಗೆ ತಾನಾಗಿ ಬರುತ್ತದೆ. ಹಳದಿ ಹೂವು, ಗಾಳಿ ತುಂಬಿದಂಥ ಉಬ್ಬಿದ ಕಾಯಿ. ಕಾಯಿ ಒಣಗಿದ ಮೇಲೆ ಬೀಜಗಳು ಒಳಗೇ ಕಳಚಿಕೊಂಡು, ಅಲುಗಿಸಿದರೆ ಮಗುವಿನ ಗಿಲಿಕೆಯ ಹಾಗೆ ಸದ್ದು ಮಾಡುತ್ತವೆ. ಅದರಲ್ಲಿ ನೂರಾರು ಬಗೆ. ಯಾವ ಕಾಯಿ ಸಿಕ್ಕರೂ ಮೇಷ್ಟ್ರು ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಿಸುವುದು, ಆಮೇಲೆ ನೋಡುವುದು.

ಅವುಗಳಲ್ಲಿ ಒಂದು ಬಗೆಯನ್ನು ಮೊದಲು ಕಂಡು ಹೆಸರಿಟ್ಟವರು ಅವರೇ. ಮೊಣಕಾಲೆತ್ತರ ದಾಟದ ಗಿಡ, ಎಲೆಯ ತುಂಬ ಬೆಳ್ಳಿ ಕೂದಲು, ಹಳದಿ ಎಸಳಿನ ಮೇಲೆ ಕಡುಕೆಂಪು ಗೆರೆ. ಒಂದೇ ಒಂದು ಕಲ್ಲುಗುಡ್ಡದ ನೆತ್ತಿಯಲ್ಲಿ ಬೆಳೆಯುತ್ತಿತ್ತು. ರಸ್ತೆಗೆ ಜಲ್ಲಿ ಬೇಕೆಂದು ಆ ಗುಡ್ಡವನ್ನು ಒಡೆದು ಸಾಗಿಸಿದರು. ಆಮೇಲೆ ಇಪ್ಪತ್ತೆರಡು ವರ್ಷ ಹೂವಿನ ಕಾಲ ಬಂದಾಗಲೆಲ್ಲ ಮೇಷ್ಟ್ರು ಸುತ್ತಮುತ್ತಲ ಗುಡ್ಡಗಳನ್ನು ತಡಕಿದರು. ಎಲ್ಲೂ ಸಿಗಲಿಲ್ಲ. ಉಳಿದದ್ದು ನಮ್ಮ ಬೀರುವಿನಲ್ಲಿರುವ ಮೂರು ಹಾಳೆ. ಎರಡು ವರ್ಷದ ಹಿಂದೆ ಒಂದರ ಲಕೋಟೆಯಿಂದ ಅನುಮತಿ ಪಡೆದು ಒಂಬತ್ತು ಬೀಜ ತೆಗೆದು ಬಿತ್ತಿ ನೋಡಿದ್ದರು. ಒಂಬತ್ತೂ ಕೊಳೆತು ಹೋದವು; ಅದು ಒಂದೇ ಗಂಟಿನ ಹಾಳೆ, ನಿಜವಾಗಿಯೂ ಅದ್ದಿದ್ದು. ವಿಷದಲ್ಲಿ ಮಿಂದ ಬೀಜ ಮತ್ತೇನಾದೀತು ಎಂದು ಈಗಿನ ಮುಖ್ಯಸ್ಥೆ ಮೇಡಂ ಉಳಿದ ಎರಡು ಹಾಳೆಗಳನ್ನು ಮುಟ್ಟಗೊಡಲಿಲ್ಲ. ತಪ್ಪೇನಿಲ್ಲ, ಸೀಲು ಹಾಗೆ ಹೇಳುತ್ತಿತ್ತು.

ಅವತ್ತು ಮೇಷ್ಟ್ರು ನನ್ನ ಮೇಜಿನ ಎದುರು ಕೂತು, "ಅಂಟಕ್ಕ, ನನ್ನ ಮೂಲ ಹಾಳೆ ಒಂದ್ಸಲ ಕೊಡಿ. ಕೊನೇ ಸಲ" ಎಂದರು.

"ಯಾಕೆ ಮೇಷ್ಟ್ರೇ, ಎಲ್ಲಿಗೆ ಹೊರಟ್ರಿ?"

"ನಾನೆಲ್ಲೂ ಹೊರಟಿಲ್ಲ, ಅದು ಹೊರಟಿದೆ. ಕಣ್ಮರೆಯಾಗಿದೆ ಅಂತ ಪತ್ರಿಕೆಗೆ ಬರೀಬೇಕು. ಎಷ್ಟು ವರ್ಷ ಅಂತ ಮುಂದೂಡ್ಲಿ? ಹೆಸರಿಟ್ಟವನೇ ಬರೆದುಬಿಟ್ರೆ ಒಳ್ಳೇದು."

ಹಾಳೆ ತಂದಿಟ್ಟೆ. ಅವರು ಮೊದಲ ಬಾರಿ ಸಂಗ್ರಹಿಸಿದ ಗಿಡ ಅದು. ಅಂಟಿಸಿದ ಕೈ ನನ್ನದು. ಬೀರುವಿನಿಂದ ತರುವಾಗಲೇ ಹಿಂಬದಿಯನ್ನು ಬೆರಳಿನಿಂದ ಸವರಿದ್ದೆ. ಸವರುವ ಅಗತ್ಯವಿರಲಿಲ್ಲ, ನನಗೆ ಗೊತ್ತೇ ಇತ್ತು. ಎರಡು ಗಂಟು.

ಮೇಷ್ಟ್ರು ಪೆನ್ಸಿಲ್ ಹಿಡಿದು ಬರೆಯತೊಡಗಿದರು. 'ಕೊನೆಯ ಬಾರಿ ಕಂಡದ್ದು' ಎಂದು ಬರೆದು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡು ಮತ್ತೆ ತೆಗೆದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಅಂಟಿನ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದುಹೋಗಿ, ಕೊಳಾಯಿ ಬಿಟ್ಟುಕೊಂಡು ಸುಮ್ಮನೆ ನಿಂತೆ. ಬಾಯಿ ಬಿಟ್ಟರೆ ಮೂವತ್ತೆರಡು ವರ್ಷದ ಮರ್ಯಾದೆ ನೀರುಪಾಲು. ಬಿಡದಿದ್ದರೆ ಆ ಗಿಡವನ್ನು ಎರಡನೇ ಸಲ ಕೊಂದವಳು ನಾನು. ಬೀಜ ಈಗಲೂ ಬದುಕಿದೆ ಎಂದೇನೂ ಖಾತ್ರಿ ಇರಲಿಲ್ಲ. ಮೂವತ್ತು ವರ್ಷ ಲಕೋಟೆಯಲ್ಲಿ ಬಿದ್ದ ಬೀಜ. ಸತ್ತೇ ಹೋಗಿದ್ದರೆ ಗಿಡವೂ ಹೋಯಿತು, ಮಾನವೂ ಹೋಯಿತು. ಅವತ್ತು ಬಾಯಿ ಬಿಡಲಿಲ್ಲ. ತಲೆನೋವು ಎಂದು ಹೇಳಿ ಮನೆಗೆ ಬಂದೆ.

ಮನೆಯೆಂದರೆ ನಾನು ಮತ್ತು ನನ್ನ ಮಗಳು. ಅವಳ ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು. ಮಗಳು ಕೆಳಗಿನ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ಉಗುರಿನ ಕೆಲಸದಲ್ಲಿ ಎತ್ತಿದ ಕೈ. ಅಕ್ಕಿಕಾಳಿನಷ್ಟು ಜಾಗದಲ್ಲಿ ನವಿಲು ಬಿಡಿಸುತ್ತಾಳೆ. ನನ್ನ ಉಗುರಿನ ಸಂದಿಯ ಅಂಟು ನೋಡಿ ದಿನಾ ತಲೆ ಚಚ್ಚಿಕೊಳ್ಳುತ್ತಾಳೆ.

"ಏನಮ್ಮ, ಮುಖ ಇಷ್ಟು ದಪ್ಪ? ಯಾರನ್ನ ಬೈದು ಬಂದೆ ಇವತ್ತು?"

"ಇನ್ನೂ ಬೈದಿಲ್ಲ. ಬೈಸ್ಕೋಬೇಕು" ಎಂದೆ. ಅಷ್ಟು ಸಾಕಾಯಿತು, ಕಟ್ಟೆ ಒಡೆಯಿತು. ತಟ್ಟೆ, ಸೀಲು, ಸಾಹೇಬರು, ಮೊದಲ ಬಸಿರು, ಗಂಟು, ಮೇಷ್ಟ್ರ ಪೆನ್ಸಿಲ್, ಎಲ್ಲ ಹೇಳಿದೆ. ಅವಳಿಗೆ ಮುಂಚೆ ಒಂದು ಮಗು ಹೋಗಿತ್ತು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ನನ್ನ ಕೈ ಎಳೆದುಕೊಂಡು ಉಗುರಿನ ಅಂಟನ್ನು ಕೆರೆಯತೊಡಗಿದಳು. ಅಳು ಬಂದಾಗ ಅವಳು ಏನಾದರೂ ಕೆಲಸ ಹಿಡಿಯುತ್ತಾಳೆ, ನನ್ನ ಹಾಗೇ.

"ಅಂದ್ರೆ ಆ ಬೀಜಾನೂ ನಾನೂ ಒಂದೇ ವಾರಗೆ."

"ಹೂಂ."

"ನನ್ನ ಹೊರಗೆ ಬಿಟ್ಟೆ. ಅವನ್ನ ಲಕೋಟೇಲಿ ಹಾಕಿ ಬಾಯಿ ಮುಚ್ಚಿದೆ."

"ಮಾತು ಕಲಿತುಬಿಟ್ಟಿದ್ದೀಯ."

"ನಾಳೆ ಹೋಗಿ ಹೇಳಮ್ಮ" ಎಂದಳು. "ಕೆಲಸ ಹೋದ್ರೆ ನನ್ನ ಪಾರ್ಲರ್‌ಗೆ ಬಾ. ಗಿರಾಕಿಗಳಿಗೆ ನಕಲಿ ಉಗುರು ಅಂಟಿಸ್ತೀಯಂತೆ, ಇನ್ನೂರು ವರ್ಷ ಅಲುಗಾಡಲ್ಲ."

ಮರುದಿನ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಮೇಷ್ಟ್ರನ್ನೂ ಕರೆದುಕೊಂಡು ಹೋದೆ, ಒಂದೇ ವಿಷಯವನ್ನು ಎರಡು ಸಲ ಹೇಳುವ ಧೈರ್ಯ ಇರಲಿಲ್ಲ. ಮೇಡಂ ನನಗಿಂತ ಚಿಕ್ಕವರು, ನನ್ನ ಕೈಯಲ್ಲೇ ಅಂಟಿಸುವುದು ಕಲಿತವರು. ನಾನು ಹೇಳುತ್ತ ಹೋದ ಹಾಗೆ ಅವರ ಮುಖ ಕೆಂಪಾಯಿತು.

"ಮುನ್ನೂರ ಹನ್ನೆರಡಾ? ಅಕ್ಕ, ಅದರಲ್ಲಿ ಒಂದಕ್ಕೆ ಹುಳು ಬಿದ್ದಿದ್ರೂ ಇಡೀ ಬೀರು ಹೋಗ್ತಿತ್ತು. ಇಡೀ ಕಟ್ಟಡ ಹೋಗ್ತಿತ್ತು. ನೀವು! ಬೇರೆ ಯಾರಾದ್ರೂ ಆಗಿದ್ರೆ ನಾನು ನಂಬ್ತಿದ್ದೆ."

"ಹೌದು" ಎಂದೆ. ನೆಲ ನೋಡುತ್ತ ನಿಂತೆ. ಜೀವನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

ಮೇಷ್ಟ್ರಿಗೆ ಇದಾವುದೂ ಕೇಳಿಸಿದ ಹಾಗಿರಲಿಲ್ಲ. "ಆ ಲಕೋಟೇಲಿ ಎಷ್ಟು ಬೀಜ ಇದೆ?" ಎಂದರು.

ಮೇಡಂ ಅವರನ್ನು ನೋಡಿದರು. ನನ್ನನ್ನು ನೋಡಿದರು. ನಗಬಾರದು ಎಂದುಕೊಂಡು ನಕ್ಕರು. "ಮೊದಲು ಅದನ್ನ ತೆಗೀರಿ. ಈ ಅಕ್ಕನ ವಿಷಯ ಆಮೇಲೆ."

ಹನ್ನೊಂದು ಬೀಜವಿತ್ತು. ಮಾಸಲು ಹಳದಿ, ಹೃದಯದಾಕಾರ, ಒಂದೊಂದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಎರಡರಲ್ಲಿ ಸಣ್ಣ ತೂತು. ಕಾಯಿ ಗುಡ್ಡದ ಮೇಲಿದ್ದಾಗಲೇ ಕೀಟ ತಿಂದು ಹೋಗಿತ್ತು. ಉಳಿದದ್ದು ಒಂಬತ್ತು. ಈ ಜಾತಿಯ ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೆಯೇ ನೆನೆಸಿದರೆ ನೀರು ಒಳಗೆ ಇಳಿಯುವುದೇ ಇಲ್ಲ. ಒಂದು ಬದಿ ಚೂರೇ ಚೂರು ಉಜ್ಜಿ ತೆಳ್ಳಗೆ ಮಾಡಬೇಕು. ಹೆಚ್ಚು ಉಜ್ಜಿದರೆ ಒಳಗಿನ ಮೊಳಕೆಯೇ ಕತ್ತರಿಸಿ ಹೋಗುತ್ತದೆ. ಮೇಷ್ಟ್ರು ಮರಳುಕಾಗದ ತಂದರು. ಮೊದಲ ಬೀಜ ಎರಡು ಹೋಳಾಯಿತು. ಅವರು ಕಾಗದವನ್ನು ಮೇಜಿನ ಮೇಲಿಟ್ಟು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತುಬಿಟ್ಟರು.

"ನಾನು ಮಾಡಲ್ಲ. ಇನ್ನು ನಾನು ಮುಟ್ಟಲ್ಲ."

ನನ್ನ ಕೈ ದಾರಕ್ಕೆ ಒಗ್ಗಿದ್ದು, ಸಾಸಿವೆಕಾಳಿಗಲ್ಲ. ಮಗಳಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ತನ್ನ ಡಬ್ಬಿ ಸಮೇತ ಬಂದಳು. ಮರಳುಕಾಗದ ನೋಡಿ, "ಇದರಲ್ಲಿ ಪಾತ್ರೆ ತಿಕ್ಕಬಹುದು" ಎಂದು ಪಕ್ಕಕ್ಕೆ ಸರಿಸಿದಳು. ತಲೆಗೆ ದೀಪ ಕಟ್ಟಿಕೊಂಡಳು. ಚಿಮಟದಲ್ಲಿ ಬೀಜ ಹಿಡಿದು, ಉಗುರು ಉಜ್ಜುವ ಅರದ ಅತಿ ನುಣುಪಾದ ಬದಿಯಿಂದ, ಉಸಿರು ಬಿಗಿಹಿಡಿದು, ಒಂದು, ಎರಡು, ಮೂರು ಸಲ ಸವರಿದಳು.

"ಎಲ್ಲಿ ತನಕ, ಸಾರ್?"

"ಬಣ್ಣ ಬದಲಾಗೋ ತನಕ. ಅಷ್ಟೇ, ನಿಲ್ಲಿಸಮ್ಮ!"

ಎಂಟು ಬೀಜಕ್ಕೆ ಒಂದೂವರೆ ಗಂಟೆ ಹಿಡಿಯಿತು. ಒಂದೂ ಒಡೆಯಲಿಲ್ಲ. ನನ್ನ ಮಗಳ ಕೈ ಎಷ್ಟು ಹಗುರ ಎಂದು ನನಗೆ ಅವತ್ತೇ ಗೊತ್ತಾದದ್ದು. ಅವಳ ಕೆಲಸವನ್ನು ನಾನು ಎಂದೂ ಕೂತು ನೋಡಿರಲಿಲ್ಲ, ಆ ಬಗ್ಗೆ ನಾಚಿಕೆಯೂ ಆಯಿತು.

ಬೀಜಗಳನ್ನು ಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿ, ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಮಲಗಿಸಿ, ಗಿಡ ಒಣಗಿಸುವ ಬೀರುವಿನ ನೆತ್ತಿಯ ಮೇಲಿಟ್ಟೆವು. ಅಲ್ಲಿ ಸದಾ ಹದವಾದ ಕಾವು. ಇಷ್ಟು ವರ್ಷ ಎಷ್ಟೋ ಸಾವಿರ ಗಿಡಗಳ ಜೀವ ಹೀರಿದ ಬೀರು ಅದು. ನಾನು ಬೆಳಿಗ್ಗೆ ಬಂದವಳೇ ಅದಕ್ಕೆ, "ಈ ಒಂದ್ಸಲ ಮಾನ ಉಳಿಸು" ಎಂದು ಹೇಳಿ ಕೆಲಸಕ್ಕೆ ಕೂರುತ್ತಿದ್ದೆ.

ಈ ನಡುವೆ ಮೇಡಂ ನನ್ನನ್ನು ಕರೆಸಿದರು. ಮುನ್ನೂರ ಹನ್ನೆರಡು ಹಾಳೆಗಳೂ ಸರದಿಯಂತೆ ಫ್ರೀಜರಿಗೆ ಹೋಗಬೇಕು, ಹೊರಬಂದ ಮೇಲೆ ಪ್ರತಿ ಹಾಳೆಗೂ ತಿದ್ದುಪಡಿ ಚೀಟಿ ಅಂಟಿಸಬೇಕು. "'ಕಣ್ತಪ್ಪಿನಿಂದ ವಿಷ ಹಾಕಿಲ್ಲ' ಅಂತ ಬರೀರಿ ಅಕ್ಕ. ಕಣ್ತಪ್ಪು ಅಂದ್ರೆ ನಾನೇ ಒಂದು ಮೆಮೊ ಕೊಟ್ಟು ಮುಗಿಸ್ತೀನಿ. ಬೇಕು ಅಂತ ಮಾಡಿದ್ದು ಅಂತ ಕಾಗದದ ಮೇಲೆ ಬಂದ್ರೆ ವಿಚಾರಣೆ ಆಗತ್ತೆ. ನನ್ನ ಕೈಲೂ ತಡೆಯಕ್ಕಾಗಲ್ಲ." ಅವರ ಕಾಲಿಗೆ ಬೀಳುವಷ್ಟು ನೆಮ್ಮದಿಯಾಯಿತು. ಮೆಮೊಗೆ ಸಹಿ ಹಾಕಿ ಬಂದೆ.

ಐದನೇ ದಿನಕ್ಕೆ ಮೂರು ಬೀಜಕ್ಕೆ ಬೂಸ್ಟು ಹಿಡಿಯಿತು. ಏಳನೇ ದಿನಕ್ಕೆ ಇನ್ನೂ ಎರಡು ಹೋದವು. ಮೇಷ್ಟ್ರು ದಿನಾ ಬರುತ್ತಿದ್ದರು, ಏನೂ ಕೇಳುತ್ತಿರಲಿಲ್ಲ, ನನ್ನ ಮುಖ ನೋಡಿ ಕೂರುತ್ತಿದ್ದರು. ಒಂಬತ್ತನೇ ದಿನ ಬೆಳಿಗ್ಗೆ ಸ್ಟೂಲು ಹತ್ತಿ ನೋಡಿದೆ. ಒಂದು ಬೀಜದ ಸಿಪ್ಪೆ ಬಿರಿದು, ದಾರದ ತುದಿಯಷ್ಟು ಬೆಳ್ಳಗಿನದೇನೋ ಕಾಗದದ ಕಡೆ ಬಾಗಿತ್ತು. ಮೊದಲು ಅದು ದಾರವೇ ಎಂದುಕೊಂಡೆ. ಎಷ್ಟೆಂದರೂ ನನ್ನ ಕೋಣೆ, ಎಲ್ಲಿ ನೋಡಿದರೂ ದಾರ. ಊದಿದೆ, ಹಾರಲಿಲ್ಲ. ಸ್ಟೂಲಿನ ಮೇಲೆ ನಿಂತುಕೊಂಡೇ ಅತ್ತೆ. ಮೇಷ್ಟ್ರು ಬಾಗಿಲಿಗೆ ಬಂದವರು ನಾನು ಅಳುವುದನ್ನು ನೋಡಿ ಹಿಂದಕ್ಕೆ ತಿರುಗಿದರು.

"ಹೋಗ್ಬೇಡಿ ಮೇಷ್ಟ್ರೇ! ಬಂದಿದೆ! ಬೇರು ಬಂದಿದೆ!"

ಮೂರರಲ್ಲಿ ಎರಡು ನಿಂತವು. ಎರಡು ಗಿಡ. ಕಟ್ಟಡದ ಹಿಂಬದಿಯ ಕಿಟಕಿಯ ಬಿಸಿಲಿನಲ್ಲಿ, ಆ ಗುಡ್ಡದ್ದೇ ಜಲ್ಲಿಯನ್ನು ಮೇಷ್ಟ್ರು ರಸ್ತೆ ಬದಿಯಿಂದ ಹೆಕ್ಕಿ ತಂದು ಮಣ್ಣಿಗೆ ಬೆರೆಸಿ ಬೆಳೆಸಿದರು. ಏಳನೇ ತಿಂಗಳಿಗೆ ಹೂವಾಯಿತು. ಹಳದಿ, ಕಡುಕೆಂಪು ಗೆರೆ. ನಾನು ಆ ಹೂವನ್ನು ಮೂವತ್ತು ವರ್ಷದಿಂದ ಬಲ್ಲೆ, ಕಂದು ಬಣ್ಣದಲ್ಲಿ ಮಾತ್ರ. ಅದಕ್ಕೆ ಇಂಥ ಬಣ್ಣವಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಮುನ್ನೂರ ಹನ್ನೊಂದು ಹಾಳೆಗಳಿಗೆ 'ಕಣ್ತಪ್ಪಿನಿಂದ' ಚೀಟಿ ಅಂಟಿಸಿ ಮುಗಿಸಿದ್ದೆ. ಮೂಲ ಹಾಳೆ ಒಂದು ಉಳಿದಿತ್ತು; ಹೊಸ ಹೂವಿನ ಜೊತೆ ಹೋಲಿಸಿ ನೋಡಲು ಮೇಷ್ಟ್ರಿಗೆ ಬೇಕಿತ್ತು. ಕಾಯಿ ಒಣಗಿದ ದಿನ ಮಗಳನ್ನೂ ಕರೆಸಿದ್ದರು. ಅವರು ಕಾಯಿ ಕಿತ್ತು, ತಮ್ಮ ಕಿವಿಗೆ ಹಿಡಿಯದೆ ಅವಳ ಕಿವಿಯ ಹತ್ತಿರ ಅಲುಗಿಸಿದರು. ಗಿಲಿಗಿಲಿ ಎಂದಿತು. ಅವಳು ಚಿಕ್ಕ ಮಗುವಿನ ಹಾಗೆ ನಕ್ಕಳು. ಆಮೇಲೆ ಅವರು ಪತ್ರಿಕೆಗೆ ಬರೆದ ಲೇಖನವನ್ನು ಅವಳ ಕೈಗೆ ಕೊಟ್ಟರು. ಕಣ್ಮರೆಯಾಯಿತು ಎಂಬುದಲ್ಲ, ಮರಳಿತು ಎಂಬುದು. ಅವಳು ಜೋರಾಗಿ ಓದಿದಳು: "'ಕಣ್ತಪ್ಪಿನಿಂದ ವಿಷ ತಾಗದೆ ಉಳಿದುಕೊಂಡ ಬೀಜಗಳಿಂದ ಬೆಳೆದ ಗಿಡ.'" ಓದಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. "ಹಾಗಾದ್ರೆ ನಾನೂ ಕಣ್ತಪ್ಪೇನಾ, ಅಮ್ಮ?"

ತಮಾಷೆಗೇ ಅಂದಳು. ನನಗೆ ಮಾತ್ರ ಎದೆಗೆ ಬಡಿಯಿತು. ಅಂದು ನಾನು ಯೋಚಿಸಿದಷ್ಟು ಬದುಕಿನಲ್ಲಿ ಮತ್ತೆಂದೂ ಯೋಚಿಸಿಲ್ಲ. ಆರು ತಿಂಗಳು, ದಿನಾ ಆ ತಟ್ಟೆಯ ಮುಂದೆ ನಿಂತು, ದಿನಾ ಇವಳನ್ನು ಆರಿಸಿಕೊಂಡಿದ್ದೆ. ಅದನ್ನು ಕಣ್ತಪ್ಪು ಎಂದು ಮುನ್ನೂರ ಹನ್ನೊಂದು ಕಡೆ ನನ್ನ ಕೈಯಾರೆ ಬರೆದಿದ್ದೆನಲ್ಲ, ನನಗೆ ಬುದ್ಧಿ ಎಲ್ಲಿತ್ತು?

ಮೂಲ ಹಾಳೆಯನ್ನು ಎಳೆದುಕೊಂಡೆ. ಚೀಟಿಯ ಮೇಲೆ ಬರೆದೆ. ನೇರ ಮೇಡಂ ಬಳಿ ಒಯ್ದೆ. ಅವರು ಓದಿದರು, ಮತ್ತೊಮ್ಮೆ ಓದಿದರು.

"ವಿಚಾರಣೆ ಆಗತ್ತೆ, ಅಕ್ಕ."

"ಆಗ್ಲಿ. ಕೇಳಿದ್ರೆ ಹೇಳ್ತೀನಿ. ಸೀಲು ಒಂದು ಸಲ ಸುಳ್ಳು ಹೇಳಿದ್ದು ಸಾಕು."

"ಉಳಿದ ಮುನ್ನೂರ ಹನ್ನೊಂದು?"

"ಅವನ್ನೂ ಕಿತ್ತು ಬೇರೆ ಅಂಟಿಸ್ತೀನಿ."

ಅವರು ಡ್ರಾಯರಿನಿಂದ ಕಚೇರಿಯ ಮೊಹರು ತೆಗೆದು ನನ್ನ ಚೀಟಿಯ ಮೇಲೆ ಒತ್ತಿದರು.

ಈಗ ಸಂಜೆ ಐದಕ್ಕೆ ಪಾರ್ಲರ್ ಮುಚ್ಚಿ ಮಗಳು ನನ್ನ ಕೋಣೆಗೆ ಬರುತ್ತಾಳೆ. ಒದ್ದೆ ಬಟ್ಟೆ ಒತ್ತಿ ಹಳೆಯ ಚೀಟಿ ಬಿಡಿಸುವುದು ನನ್ನ ಕೆಲಸ. ಜಪ್ಪಯ್ಯ ಎಂದರೂ ಬರುವುದಿಲ್ಲ, ನಾನು ಅಂಟಿಸಿದ್ದಲ್ಲವೇ. ಹೊಸ ಚೀಟಿ ಬರೆಯುವುದು ಅವಳ ಕೆಲಸ, ಅಕ್ಷರ ನನ್ನದಕ್ಕಿಂತ ದುಂಡಗಿದೆ. ಮೊದಲ ದಿನ ಪೆನ್ನು ಹಿಡಿದು, "ಏನು ಬರೀಲಿ?" ಎಂದಳು. ನಾನು ಹೇಳಿದೆ: 'ಈ ಹಾಳೆಗೆ ವಿಷ ಹಾಕಿಲ್ಲ. ಬೇಕೆಂದೇ ಹಾಕಲಿಲ್ಲ. ಆಗ ನನ್ನ ಹೊಟ್ಟೆಯಲ್ಲಿ ಮಗುವಿತ್ತು.'

ಅವಳ ಪೆನ್ನು ಎರಡನೇ ಸಾಲಿಗೆ ನಿಂತಿತು. ಮೂಗು ಒರೆಸಿಕೊಂಡಳು. ಆಮೇಲೆ ಮೂರನೇ ಸಾಲನ್ನೂ ದುಂಡಗೆ ಬರೆದು, ಸಹಿ ಹಾಕಲು ಚೀಟಿಯನ್ನು ನನ್ನ ಕಡೆ ಸರಿಸಿದಳು.